ಹಾಡಿ ಎಂದರೆ

ಮೊದಲ ಶನಿವಾರ, ತಿತಿಮತಿಯ ಶಾಲೆಯಲ್ಲಿ
ಹಾರ್ಮೋನಿಯಂ ಮುಚ್ಚಳ ತೆಗೆದು ನಾನಂದದ್ದು
ಒಂದೇ ಮಾತು: ಎಲ್ಲರೂ ಹಾಡಿ.
ಹಿಂದಿನ ಸಾಲಿನ ರೋಜ ತಲೆ ಎತ್ತಿದಳು.
"ಎಲ್ಲರೂ ಅಲ್ಲ ಟೀಚರ್, ನಾನೂ ಬಸವನೂ ಮಾತ್ರ ಹಾಡಿ.
ಸೆಲ್ವಿ ಲೈನ್‌ಮನೆ. ನಿಹಾಲ್ ಪೇಟೆ."

ನಕ್ಕೆ. ನಕ್ಕದ್ದು ತಪ್ಪಾಯಿತು.
ಆರು ವಾರ ಅವಳು ಬಾಯಿ ಬಿಡಲಿಲ್ಲ.

ವಿರಾಜಪೇಟೆಯ ಮಹಡಿಕೋಣೆಯಲ್ಲಿ ನನ್ನ ಗುರುಗಳು
ಬೆರಳ ಗೆಣ್ಣಿನಿಂದ ಮೇಜು ಕುಟ್ಟಿ "ಸರಿಯಾಗಿ" ಎನ್ನುತ್ತಿದ್ದರು.
ಸರಿ ಎಲ್ಲಿದೆ ಎಂದು ಕೇಳಿದರೆ ಇನ್ನೊಂದು ಕುಟ್ಟು.
ಹನ್ನೊಂದು ವರ್ಷ ಹಾಗೆ ಕಲಿತವಳಿಗೆ
ಹೇಳಿಕೊಡುವುದು ಬೇರೆ ವಿದ್ಯೆ ಎಂದು
ಯಾರೂ ಹೇಳಿಕೊಟ್ಟಿರಲಿಲ್ಲ.

ಹೊಟ್ಟೆಯಿಂದ ಹಾಡು ಎಂದೆ.
ನಿಹಾಲ್ ಅಂಗಿ ಎತ್ತಿ ಹೊಕ್ಕುಳು ನೋಡಿಕೊಂಡ.
ಗಂಟಲು ಬಿಚ್ಚು ಎಂದೆ.
ಸೆಲ್ವಿ ಆಸ್ಪತ್ರೆಯಲ್ಲಿ ತೋರಿಸುವ ಹಾಗೆ ಆ ಎಂದು ತೋರಿಸಿದಳು,
ಒಂದು ಹಲ್ಲು ಬೀಳುವುದರಲ್ಲಿತ್ತು.
ಮೇಲಿನ ಸ್ವರ ಎಂದೆ.
ಫಿದಾ ಮಾಡು ನೋಡಿದಳು. ಹೆಂಚಿನ ಸಂದಿಯಲ್ಲಿ ಹಲ್ಲಿ.
ಶ್ರುತಿ ಸೇರಿಸಿ ಎಂದೆ.
"ಅವಳು ನಾಲ್ಕನೇ ಕ್ಲಾಸು, ಕರ್ಕೊಂಡು ಬರ್ಲಾ?"

ಆಮೇಲೆ ನಾನು ಮಾಡಿದ್ದು ಎಲ್ಲರೂ ಮಾಡುವುದೇ:
ಅರ್ಥವಾಗದ ಮಾತನ್ನು ಇನ್ನಷ್ಟು ಜೋರಾಗಿ ಹೇಳಿದೆ.

ಏಳನೇ ಶನಿವಾರ ಬಿಸಿಯೂಟದ ಸಿಲಿಂಡರ್ ಬರಲಿಲ್ಲ.
ಅಡುಗೆಯ ಪೊನ್ನಕ್ಕ ಹಸಿ ಸಿಲ್ವರ್ ಸೌದೆ ಒಟ್ಟಿದ್ದಳು,
ಹೊಗೆ ಸಾ ಪಾ ಸಾ ದಾಟಿ ಕ್ಲಾಸಿನೊಳಗೆ ಬಂತು.
ರೋಜ ಕೇಳದೆ ಎದ್ದು ಹೋದಳು.
ಬೈಯಲೆಂದು ನಾನೂ ಹಿಂದೆಯೇ ಹೋದೆ.

ಮೊಣಕಾಲೂರಿ, ಊದುಗೊಳವೆ ತುಟಿಗಿಟ್ಟು
ಒಂದು ಉಸಿರು.
ಭುಜ ಅಲುಗಲಿಲ್ಲ. ಕತ್ತಿನ ನರ ಎದ್ದು ಕಾಣಲಿಲ್ಲ.
ಪಕ್ಕೆಲುಬು ಮಾತ್ರ ಅಗಲವಾಗಿ,
ಬಹಳ ಹೊತ್ತು ಅಗಲವಾಗಿಯೇ ಇದ್ದು, ಮೆಲ್ಲಗೆ ಇಳಿದವು.
ಬೂದಿಯ ಅಡಿಯಿಂದ ಕೆಂಪು ಬಂತು, ಬಂದದ್ದು ನಿಂತಿತು.

"ಜೋರು ಊದಿದ್ರೆ ಬೂದಿ ಕಣ್ಣಿಗೆ ಬರ್ತದೆ" ಎಂದಳು,
ನನಗಲ್ಲ, ಪೊನ್ನಕ್ಕನಿಗೆ.
"ಬಿಟ್ಟು ಬಿಟ್ಟು ಊದಿದ್ರೆ ಸಾಯ್ತದೆ.
ಒಂದೇ ಸಮ."

ಕಣ್ಣಲ್ಲಿ ನೀರು. ಹೊಗೆಯದೇ ಇರಬೇಕು.
ಅದನ್ನು ಅವರಿಗೂ ಹೇಳ್ತೀಯಾ, ಕೇಳಿದೆ.
"ಅದರಲ್ಲಿ ಹೇಳ್ಲಿಕ್ಕೆ ಎಂಥ ಉಂಟು?" ಎಂದಳು.
ಆದರೂ ಬಂದಳು.

ಲಂಗದ ಅಂಚಿನಲ್ಲಿ ಒರೆಸಿ ಒರೆಸಿ
ಒಬ್ಬೊಬ್ಬರ ಕೈಗೂ ಕೊಳವೆ ಕೊಟ್ಟಳು.
ಮೇಜಿನ ಮೇಲೆ ಒಂದು ಚೂರು ಕಾಗದ:
ನಡುಗಬೇಕು, ಹಾರಬಾರದು.
ನಿಹಾಲನ ಮನೆಯಲ್ಲಿ ಗ್ಯಾಸು, ಅವನು ಬಾಯಿ ಊದಿಸಿ
ಕಾಗದವನ್ನು ಕಿಟಕಿಯಾಚೆಗೆ ಕಳಿಸಿದ.
ಫಿದಾಳದು ಐದು ಎಣಿಸುವವರೆಗೆ ನಡುಗಿತು,
ಸೆಲ್ವಿಯದು ಒಂಬತ್ತು.
ಈಗ ಕೊಳವೆ ತೆಗೆಯಿರಿ, ಉಸಿರು ಹಾಗೇ ಇರಲಿ,
ಅದರೊಳಗೆ ಒಂದು ಸಾ ಇಡಿ ಎಂದೆ.

ಇಟ್ಟರು. ಅಷ್ಟೇನೂ ಚಂದವಿರಲಿಲ್ಲ.
ಬಸವ ಎಂದಿನಂತೆ ಅರ್ಧ ಮೆಟ್ಟಿಲು ಕೆಳಗೆ.
ಆದರೆ ಆ ಸಾ ಯಾರ ಬಾಯಲ್ಲೂ ನಡುವೆ ಸಾಯಲಿಲ್ಲ.

ಆ ರಾತ್ರಿ ಪಾಠದ ಪುಸ್ತಕದಲ್ಲಿ
ಕೆಲವು ಮಾತಿಗೆ ಅಡ್ಡಗೆರೆ ಎಳೆದೆ.
ಈಗ ಬಸವನಿಗೆ ತಪ್ಪು ಎನ್ನುವುದಿಲ್ಲ,
ಕೆಂಡ ಕಪ್ಪಾಯ್ತು ನೋಡು ಎನ್ನುತ್ತೇನೆ.
ಒಮ್ಮೊಮ್ಮೆ ಸ್ವರ ಏರುತ್ತದೆ.
ಏರದಿದ್ದರೆ ಇನ್ನೇನು ಹೇಳಬೇಕೆಂದು
ಇನ್ನೂ ಗೊತ್ತಾಗಿಲ್ಲ.

ಮೂರು ಗಂಟೆಗೆ ಜೀಪು. ಕತ್ತಲೆಗೆ ಮೊದಲು
ಆನೆ ಕಂದಕ ದಾಟಿ ಮಕ್ಕಳು ಸೇರಬೇಕು.
ಹಿಂದಿನ ಕಂಬಿ ಹಿಡಿದು ನಿಂತವಳಿಗೆ ಕೂಗಿದೆ:
ಮನೆಯಲ್ಲೂ ದಿನಾ ಹಾಡಿ... ಅಲ್ಲ, ಹಾಡು, ರೋಜ.

"ಸಂಜೆ ಆಗೂದಿಲ್ಲ ಟೀಚರ್, ಅವು ಬೇಲಿ ಹತ್ರ ಇರ್ತವೆ.
ಸದ್ದು ಮಾಡ್ಬಾರ್ದು.
ಸುಮ್ಮನೆ ಊದ್ತೇನೆ."